ಆಫ್ರಿಕದ ಸಾಹಿತ್ಯ ಇಂಗ್ಲಿಷಿನಲ್ಲೇ ಇದೆಯಲ್ಲ, ಸ್ವಾಹಿಲಿ ಯಾಕೆ?

ನಾನು ಸ್ವಾಹಿಲಿ ಕಲಿತಿದ್ದೇನೆ ಅಂದ ಕೂಡಲೇ ಬರುವ ಪ್ರಶ್ನೆ ಇದು. "ಅಚಿಬೆ, ಸೊಯಿಂಕಾ ಎಲ್ಲ ಬರೆದಿದ್ದು ಇಂಗ್ಲಿಷಿನಲ್ಲಿ. ಅದನ್ನು ಓದಿದರೆ ಆಯ್ತಲ್ವಾ? ಈ ಭಾಷೆ ಕಲಿಯೋ ಕಷ್ಟ ಯಾಕೆ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಪುಸ್ತಕ ಬಿಡುಗಡೆಯಲ್ಲೂ ಕೇಳುತ್ತಾರೆ. ಚೆನ್ನಾಗಿ ಓದಿಕೊಂಡವರೇ ಜಾಸ್ತಿ ಕೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಕನ್ನಡಕ್ಕೆ ಬಂದ ಆಫ್ರಿಕದ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನ ದಾರಿಯಲ್ಲೇ ಬಂದವು. ನಮಗೆ ಕಂಡಿದ್ದು ಅಷ್ಟೇ. ಆದರೆ ಅಲ್ಲಿರುವುದು ಅಷ್ಟೇ ಅಲ್ಲ.

ಈ ಪ್ರಶ್ನೆಯನ್ನು ನಮ್ಮ ಕಡೆಗೆ ತಿರುಗಿಸಿ ನೋಡಿ. ಭಾರತದವರು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಗಳನ್ನಷ್ಟೇ ಓದಿದ ಒಬ್ಬರು ನಿಮ್ಮ ಮುಂದೆ ಕೂತು "ಭಾರತದ ಸಾಹಿತ್ಯ ನನಗೆ ಗೊತ್ತು" ಅಂದರೆ ಏನನ್ನಿಸುತ್ತದೆ? ಪಂಪ, ಬಸವಣ್ಣ, ಕುವೆಂಪು, ಬೇಂದ್ರೆ ಯಾರೂ ಆ ಲೆಕ್ಕದಲ್ಲಿಲ್ಲ. ಆ ಸಂಕಟ ಏನೆಂದು ಕನ್ನಡದವರಿಗೆ ವಿವರಿಸಬೇಕಾಗಿಲ್ಲ.

ಆಫ್ರಿಕದಲ್ಲಿ ಸುಮಾರು 2000 ಭಾಷೆಗಳಿವೆ. ಅಚಿಬೆಯವರ ಮೊದಲ ಕಾದಂಬರಿ ಬಂದದ್ದು 1958ರಲ್ಲಿ. ಅದಕ್ಕೆ 20 ವರ್ಷ ಮೊದಲೇ, 1938ರಲ್ಲಿ, ನೈಜೀರಿಯಾದ ಡಿ. ಓ. ಫಾಗುನ್ವಾ ಯೊರುಬಾ ಭಾಷೆಯಲ್ಲಿ ಬೇಟೆಗಾರನೊಬ್ಬ ಭೂತಪ್ರೇತಗಳ ಕಾಡಿಗೆ ಹೋಗುವ ಕಾದಂಬರಿ ಬರೆದರು. ಅದನ್ನು 1968ರಲ್ಲಿ ಇಂಗ್ಲಿಷಿಗೆ ತಂದವರು ಸೊಯಿಂಕಾ ಅವರೇ. ದಕ್ಷಿಣದಲ್ಲಿ ಥಾಮಸ್ ಮೊಫೊಲೊ ಸೆಸೊಥೊ ಭಾಷೆಯಲ್ಲಿ ಜುಲು ದೊರೆ ಚಾಕಾನ ಬಗ್ಗೆ ಬರೆದ ಕಾದಂಬರಿ 1925ರಲ್ಲಿ ಅಚ್ಚಾಯಿತು. ಇನ್ನೂ ಹಿಂದೆ ಹೋದರೆ ಈಗಿನ ಉತ್ತರ ನೈಜೀರಿಯಾದಲ್ಲಿ ನಾನಾ ಅಸ್ಮಾವು ಎಂಬ ಕವಯಿತ್ರಿ ಇದ್ದರು. ಬದುಕಿದ್ದು 1793ರಿಂದ 1864ರವರೆಗೆ. ಹೌಸಾ, ಫುಲ್‌ಫುಲ್ಡೆ, ಅರಬ್ಬಿ, ಮೂರರಲ್ಲೂ ಪದ್ಯ ಕಟ್ಟಿದರು. ಇಥಿಯೋಪಿಯಾದ ಅಮ್ಹಾರಿಕ್ ಬರೆಯುವ ಲಿಪಿಯನ್ನು ನೋಡಿದರೆ ಕನ್ನಡದವರಿಗೆ ಖುಷಿಯಾಗುತ್ತದೆ. ಅಲ್ಲೂ ನಮ್ಮ ಹಾಗೆ ಕಾಗುಣಿತ ಇದೆ. ಒಂದೊಂದು ವ್ಯಂಜನಕ್ಕೂ ಸ್ವರಕ್ಕೆ ತಕ್ಕಂತೆ 7 ರೂಪ. ಮಕ್ಕಳು ಅದನ್ನು ಸಾಲಾಗಿ ರಾಗ ಎಳೆದು ಬಾಯಿಪಾಠ ಮಾಡುತ್ತಾರೆ.

ಇವೆಲ್ಲ ದೊಡ್ಡ ದೊಡ್ಡ ಲೋಕಗಳು. ನನಗೆ ಚೆನ್ನಾಗಿ ಗೊತ್ತಿರುವುದು ಸ್ವಾಹಿಲಿ ಒಂದೇ. ಹಾಗಾಗಿ ಅದರ ಮಾತೇ ಆಡುತ್ತೇನೆ.

ಸ್ವಾಹಿಲಿ ಪೂರ್ವ ಆಫ್ರಿಕದ ಕರಾವಳಿಯ ಭಾಷೆ. ಲಾಮು, ಮೊಂಬಾಸಾ, ಜಾಂಜಿಬಾರ್ ಅದರ ಹಳೆಯ ಊರುಗಳು. ಈಗ ಅದು ತಾಂಜಾನಿಯಾ, ಕೀನ್ಯಾ, ಉಗಾಂಡಾ, ಕಾಂಗೋದ ಪೂರ್ವ ಭಾಗದವರೆಗೂ ಹಬ್ಬಿದೆ. ಮಾತಾಡುವವರು 20 ಕೋಟಿಗೂ ಹೆಚ್ಚು ಎಂದು ಯುನೆಸ್ಕೋ ಹೇಳುತ್ತದೆ. ಲ್ಯಾಟಿನ್ ಅಕ್ಷರ ಬರುವ ಮೊದಲು ಇದನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. ಹಸ್ತಪ್ರತಿಗಳು 18ನೇ ಶತಮಾನದಿಂದ ಸಿಗುತ್ತವೆ. ಅರಬ್ಬಿಯಲ್ಲಿ ಸ್ವರಚಿಹ್ನೆ ಮೂರೇ, ಸ್ವಾಹಿಲಿಗೆ ಸ್ವರ ಐದು. ಹಾಗಾಗಿ ಭಾಷೆ ಮೊದಲೇ ಗೊತ್ತಿದ್ದವರಿಗಷ್ಟೇ ಆ ಬರಹ ಪೂರ್ತಿ ಬಾಯಿ ಬಿಡುತ್ತದೆ.

ನನ್ನನ್ನು ಈ ಭಾಷೆಗೆ ಕಟ್ಟಿಹಾಕಿದ್ದು ಮ್ವಾನ ಕುಪೋನ ಎಂಬ ಹೆಂಗಸಿನ ಒಂದು ಕಾವ್ಯ. ಈಗಿನ ಕೀನ್ಯಾದ ಉತ್ತರ ಕರಾವಳಿಯಲ್ಲಿ ಪಾಟೆ ಎಂಬ ದ್ವೀಪ ಇದೆ. ಅಲ್ಲಿನ ಸಿಯು ಊರಿನ ಮುಖ್ಯಸ್ಥನ ಹೆಂಡತಿ ಆಕೆ. ಗಂಡ ಜಾಂಜಿಬಾರಿನ ಸುಲ್ತಾನನ ವಿರುದ್ಧ ಕಾದಾಡಿದವನು. ಅವನು ತೀರಿಕೊಂಡ ಮೇಲೆ, 1858ರ ಹೊತ್ತಿಗೆ, ಆಕೆಯೂ ಕಾಯಿಲೆ ಬಿದ್ದಿದ್ದಳು. ಮಗಳನ್ನು ಹತ್ತಿರ ಕರೆದು, ಮಸಿ ಕಾಗದ ತಾ, ಮನಸ್ಸಿನಲ್ಲಿರುವುದನ್ನು ಹೇಳುತ್ತೇನೆ ಅನ್ನುತ್ತಾಳೆ. ಅಲ್ಲಿಂದ ನೂರಕ್ಕೂ ಹೆಚ್ಚು ಪದ್ಯ. ದೇವರ ಮೇಲೆ ನಂಬಿಕೆ ಇಡು, ಮಾತು ಹಿಡಿತದಲ್ಲಿರಲಿ, ಗಂಡನನ್ನು ಹೀಗೆ ನೋಡಿಕೊ, ಮಲಗಿದಾಗ ಎಬ್ಬಿಸಬೇಡ. ಹೀಗೆ ಸಾಗುತ್ತದೆ. ನಡುವೆ ತನ್ನ ಸಂಸಾರದ ನೆನಪು ಬರುತ್ತದೆ. ಕೊನೆಗೆ ಮಕ್ಕಳಿಗಾಗಿ, ಬಂಧುಗಳಿಗಾಗಿ ಉದ್ದನೆಯ ಪ್ರಾರ್ಥನೆ.

ಓದುತ್ತಾ ಹೋದರೆ ಕನ್ನಡದವರಿಗೆ ಸಂಚಿ ಹೊನ್ನಮ್ಮ ನೆನಪಾಗದೆ ಇರುವುದಿಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಹೊನ್ನಮ್ಮ ಹೆಂಡತಿಯ ಧರ್ಮ ಹೇಳಲು ಸಾಂಗತ್ಯ ಹಿಡಿದಳು, ಹೇಳುತ್ತಾ ಹೇಳುತ್ತಾ ಹೆಣ್ಣನ್ನು ಕೀಳಾಗಿ ಕಾಣುವವರನ್ನು ಪ್ರಶ್ನಿಸಿಯೂಬಿಟ್ಟಳು. ಮ್ವಾನ ಕುಪೋನಳ ಕಾವ್ಯದ ಬಗ್ಗೆಯೂ ಇಂಥದ್ದೇ ಚರ್ಚೆ ಇದೆ. ಇದು ತಗ್ಗಿಬಗ್ಗಿ ನಡೆ ಅನ್ನುವ ಪಾಠ ಎಂದು ಕೆಲವರು. ಮೇಲ್ನೋಟಕ್ಕೆ ಹಾಗೆ, ಒಳಗೆ ಬೇರೆ ದನಿ ಇದೆ ಎಂದು ಇನ್ನು ಕೆಲವರು. ನನಗೆ ಎರಡನೆಯವರ ಮಾತು ಸರಿ ಅನ್ನಿಸುತ್ತದೆ. ಗಂಡನ ಬಗ್ಗೆ ಆಕೆ ಹೇಳುವಾಗ ದೊಡ್ಡ ಮಗುವೊಂದನ್ನು ಸಂಭಾಳಿಸುವ ದನಿ ಕೇಳುತ್ತದೆ. ಆದರೆ ಆ ದನಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಪದ್ಯವನ್ನು ಅದರ ಭಾಷೆಯಲ್ಲೇ, ಗಟ್ಟಿಯಾಗಿ, ಓದಬೇಕು. ನಾನು ನೋಡಿದ ಇಂಗ್ಲಿಷ್ ಅನುವಾದಗಳಲ್ಲಿ ಆಕೆ ಬರೀ ಉಪದೇಶ ಮಾಡುತ್ತಾಳೆ.

ಈ ಕಾವ್ಯದ ಛಂದಸ್ಸಿಗೆ ಉತೆಂಜಿ ಎಂದು ಹೆಸರು. ನಾಲ್ಕು ಸಾಲು, ಸಾಲಿಗೆ 8 ಅಕ್ಷರ. ಮೊದಲ ಮೂರು ಸಾಲಿಗೆ ಒಂದು ಅಂತ್ಯಪ್ರಾಸ. ನಾಲ್ಕನೆಯ ಸಾಲಿನ ಪ್ರಾಸ ಮಾತ್ರ ಕಾವ್ಯ ಶುರುವಾದಾಗ ಯಾವುದೋ ಮುಗಿಯುವಾಗಲೂ ಅದೇ. ನೂರು ಪದ್ಯ ಇದ್ದರೂ ಅದೇ, ಸಾವಿರ ಇದ್ದರೂ ಅದೇ. ಕೇಳುವವರ ಕಿವಿ ಪ್ರತಿ ಪದ್ಯದಲ್ಲೂ ಆ ಕೊನೆಯ ಸದ್ದಿಗೆ ಕಾಯುತ್ತಿರುತ್ತದೆ. ಇನ್ನೊಂದು ಛಂದಸ್ಸು ಶಾಯಿರಿ. ಅದರಲ್ಲಿ ಸಾಲಿಗೆ 16 ಅಕ್ಷರ, ನಡುವೆ ಒಂದು ಪ್ರಾಸ, ಕೊನೆಗೆ ಒಂದು ಪ್ರಾಸ. ಮೊಂಬಾಸಾದ ಮುಯಾಕ ಬಿನ್ ಹಾಜಿ 19ನೇ ಶತಮಾನದ ಶುರುವಿನಲ್ಲಿ ಇದನ್ನು ಮಸೀದಿ, ಮನೆಗಳಿಂದ ಪೇಟೆ ಬೀದಿಗೆ ತಂದ. ತನ್ನೂರಿನ ಪರವಾಗಿ ಜಾಂಜಿಬಾರಿನ ಸುಲ್ತಾನನನ್ನು ಕೆಣಕಿ ಪದ್ಯ ಕಟ್ಟಿದ. ಪದ್ಯಕ್ಕೆ ಪದ್ಯದಲ್ಲೇ ಉತ್ತರ ಕೊಡುವುದು ಆ ಕಡೆಯ ರೂಢಿ. ಮುಂದೆ ಅದು ಪತ್ರಿಕೆಗೂ ಬಂತು. ತಾಂಜಾನಿಯಾದ ಸ್ವಾಹಿಲಿ ಪತ್ರಿಕೆಗಳಲ್ಲಿ ಓದುಗರು ಪದ್ಯದಲ್ಲೇ ಜಗಳವಾಡುವ ಪುಟ ಇರುತ್ತಿತ್ತು. ಒಬ್ಬರು ಪದ್ಯದಲ್ಲಿ ಕೇಳಿದರೆ ಇನ್ನೊಬ್ಬರು ಅದೇ ಪ್ರಾಸ ಹಿಡಿದು ಉತ್ತರಿಸಬೇಕು.

ಇಂಥ ಕಡೆ 1974ರಲ್ಲಿ ಯೂಫ್ರೇಸ್ ಕೆಜಿಲಹಾಬಿ ಪ್ರಾಸವನ್ನೂ ಅಕ್ಷರಲೆಕ್ಕವನ್ನೂ ಬಿಟ್ಟು ಒಂದು ಕವನ ಸಂಕಲನ ತಂದರು. ದೊಡ್ಡ ಗಲಾಟೆಯೇ ಆಯಿತು. ಇದು ಪದ್ಯವೇ ಅಲ್ಲ ಅಂದರು ಹಳಬರು. ಅವರ ಕೈಯಲ್ಲಿ ಗ್ರಂಥವೂ ಇತ್ತು. ಮುಂದೆ ದಾರ್ ಎಸ್ ಸಲಾಮಿನ ಮೇಯರ್ ಆದ ಶೇಖ್ ಕಲೂತ ಅಮ್ರಿ ಅಬೇದಿ ಪದ್ಯ ಕಟ್ಟುವ ನಿಯಮಗಳ ಬಗ್ಗೆ 1954ರಲ್ಲೇ ಒಂದು ಪುಸ್ತಕ ಬರೆದಿದ್ದರು. 1911ರಲ್ಲಿ ಗೋವಿಂದ ಪೈ ಪ್ರಾಸ ಬಿಟ್ಟಾಗ ನಮ್ಮಲ್ಲಿ ಎದ್ದ ವಿರೋಧ, ಆಮೇಲೆ ನವ್ಯ ಕಾವ್ಯ ಬಂದಾಗ ಎದ್ದ ವಿರೋಧ, ಎರಡನ್ನೂ ಬಲ್ಲವರಿಗೆ ಇದು ಹೊಸ ಕಥೆ ಅನ್ನಿಸುವುದಿಲ್ಲ.

ಆದರೆ ಅಲ್ಲಿ ಇನ್ನೊಂದು ಎಳೆ ಇದೆ. ಕೆಜಿಲಹಾಬಿ ಕರಾವಳಿಯವರಲ್ಲ. ವಿಕ್ಟೋರಿಯಾ ಸರೋವರದ ಉಕೆರೆವೆ ದ್ವೀಪದವರು, ಕ್ರೈಸ್ತರು, ಮನೆಮಾತು ಕಿಕೆರೆವೆ. ಕರಾವಳಿಯ ಮುಸ್ಲಿಂ ಕವಿಗಳಿಗೆ ಛಂದಸ್ಸು ತಮ್ಮ ಅಜ್ಜ ಅಜ್ಜಿಯರಿಂದ ಬಂದ ಆಸ್ತಿ. ಒಳನಾಡಿನ ಕಾಲೇಜು ಹುಡುಗ ಬಂದು ಇದು ಬೇಕಿಲ್ಲ ಅಂದರೆ? ಹಾಗಾಗಿ ಪ್ರಾಸದ ಜಗಳ ಬರೀ ಪ್ರಾಸದ್ದಾಗಿರಲಿಲ್ಲ. ಸ್ವಾಹಿಲಿ ಯಾರದ್ದು ಎಂಬ ಜಗಳ ಅದರ ಒಳಗಿತ್ತು. ಒಂದು ದೇಶ ತನ್ನ ಭಾಷೆ ಎಂದು ಆರಿಸಿಕೊಂಡ ಮೇಲೆ ಅದು ಊರಿನವರದ್ದಷ್ಟೇ ಆಗಿ ಉಳಿಯುತ್ತದೆಯೇ? ನನ್ನ ಮನಸ್ಸು ಕೆಜಿಲಹಾಬಿ ಕಡೆಗೇ. ಮನೆಯಲ್ಲಿ ಮರಾಠಿ ಆಡುತ್ತಿದ್ದ ಬೇಂದ್ರೆ, ತಮಿಳು ಆಡುತ್ತಿದ್ದ ಮಾಸ್ತಿ ಇಲ್ಲದ ಕನ್ನಡವನ್ನು ಊಹಿಸಿಕೊಳ್ಳಲು ನನಗಾಗುವುದಿಲ್ಲ. ಆದರೂ ಕರಾವಳಿಯ ಕವಿಗಳ ನೋವು ಸುಳ್ಳಲ್ಲ. ಈ ಇಡೀ ಜಗಳ ನಡೆದದ್ದು ಸ್ವಾಹಿಲಿಯಲ್ಲಿ. ಇಂಗ್ಲಿಷಿನಲ್ಲಿ ಆಫ್ರಿಕದ ಸಾಹಿತ್ಯ ಓದುವವರಿಗೆ ಇದರ ಸುಳಿವೇ ಸಿಗುವುದಿಲ್ಲ.

ಭಾಷೆ ಯಾವುದಾದರೇನು, ವಿಷಯ ಮುಖ್ಯ ಅನ್ನುವವರಿಗೆ ಕೀನ್ಯಾದ ಎರಡು ಸಂಗತಿ ಹೇಳುತ್ತೇನೆ. ಗೂಗಿ ವಾ ಥಿಯೋಂಗೋ 1977ರಲ್ಲಿ ಎರಡು ಕೃತಿ ಹೊರತಂದರು. ಒಂದು ಇಂಗ್ಲಿಷ್ ಕಾದಂಬರಿ. ಸ್ವಾತಂತ್ರ್ಯದ ನಂತರದ ಆಳುವವರನ್ನು ಬಿಡದೆ ಬಯ್ಯುವ ಪುಸ್ತಕ. ಅದಕ್ಕೆ ಅಡ್ಡಿ ಬರಲಿಲ್ಲ. ಇನ್ನೊಂದು ಗಿಕುಯು ಭಾಷೆಯ ನಾಟಕ. ಗೂಗಿ ವಾ ಮಿರೀ ಎಂಬುವರ ಜೊತೆ ಸೇರಿ ಬರೆದದ್ದು. ಲಿಮುರು ಹತ್ತಿರದ ಕಮಿರೀಥು ಹಳ್ಳಿಯಲ್ಲಿ ರೈತರು, ಕೂಲಿಗಳೇ ಅದನ್ನು ಆಡಿದರು. ಸರ್ಕಾರ ಪ್ರದರ್ಶನ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರ್ 31ರಂದು ಥಿಯೋಂಗೋ ಅವರನ್ನು ಹಿಡಿದು, ವಿಚಾರಣೆಯಿಲ್ಲದೆ ಒಂದು ವರ್ಷ ಜೈಲಿನಲ್ಲಿಟ್ಟಿತು. ಅಲ್ಲೇ ಅವರು ಶೌಚದ ಕಾಗದದ ಮೇಲೆ ತಮ್ಮ ಮೊದಲ ಗಿಕುಯು ಕಾದಂಬರಿ ಬರೆದದ್ದು. ಭಾಷೆ ಬದಲಾದರೆ ಏನು ಬದಲಾಗುತ್ತದೆ ಎಂದು ಆ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿತ್ತು.

ಇನ್ನೊಬ್ಬರು ಮೊಂಬಾಸಾದ ಅಬ್ದಿಲತೀಫ್ ಅಬ್ದಲ್ಲಾ. ಇವರ ಹೆಸರನ್ನು ಇಲ್ಲಿ ಕೇಳಿದವರು ತೀರ ಕಡಿಮೆ. 1968ರಲ್ಲಿ "ಕೀನ್ಯಾ, ನಾವು ಹೋಗುತ್ತಿರುವುದೆಲ್ಲಿಗೆ" ಎಂಬ ಅರ್ಥ ಬರುವ ಹೆಸರಿನಲ್ಲಿ ಒಂದು ಕರಪತ್ರ ಬರೆದರು, ಸ್ವಾಹಿಲಿಯಲ್ಲಿ. ಮೂರು ವರ್ಷ ಜೈಲು. ಅಲ್ಲಿ ಗುಟ್ಟಾಗಿ ಬರೆದ ಪದ್ಯಗಳು 1973ರಲ್ಲಿ ಪುಸ್ತಕವಾದವು. ಮರುವರ್ಷ ಆ ಪುಸ್ತಕಕ್ಕೆ ಬಹುಮಾನ ಬಂತು. ಬಹುಮಾನ ಯಾರ ಹೆಸರಿನದು ಗೊತ್ತೇ? ಅವರನ್ನು ಜೈಲಿಗೆ ಹಾಕಿದ ಸರ್ಕಾರದ ಅಧ್ಯಕ್ಷ ಜೋಮೋ ಕೆನ್ಯಾಟಾ ಹೆಸರಿನದು. ಆ ಪದ್ಯಗಳು ಹಳೆಯ ಛಂದಸ್ಸಿನಲ್ಲೇ ಇವೆ. ಜೈಲಿನಲ್ಲಿ ಕೂತ ಮನುಷ್ಯ ಒಂದು ಪ್ರಾಸವನ್ನೂ ಸಡಿಲ ಬಿಟ್ಟಿಲ್ಲ. ಹೊಸದು ಬೇಕಾದರೆ ಛಂದಸ್ಸು ಬಿಡಲೇಬೇಕು ಎಂಬ ವಾದಕ್ಕೆ ಅವರೇ ಉತ್ತರ.

"ಇದೆಲ್ಲ ಸರಿ, ನಮಗೂ ಅವರಿಗೂ ಏನು ಸಂಬಂಧ?" ಎಂದು ಮುಂದಿನ ಪ್ರಶ್ನೆ ಬರುತ್ತದೆ. ಸಂಬಂಧ ಇಲ್ಲದಿದ್ದರೂ ನಾನು ಕಲಿಯುತ್ತಿದ್ದೆ. ಆದರೆ ಇದೆ. ಕಿಟೆಲ್ ಕನ್ನಡಕ್ಕೆ ಬರುವ ಮೊದಲು ತಯಾರಾದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ. ಅದೇ ವರ್ಷಗಳಲ್ಲಿ ಅಲ್ಲಿ ಯೋಹಾನ್ ಗಾಟ್‌ಲೀಬ್ ಕ್ರಿಸ್ಟಾಲರ್ ಎಂಬ ಇನ್ನೊಬ್ಬ ಹುಡುಗ ಓದುತ್ತಿದ್ದ. 1853ರಲ್ಲಿ ಕಿಟೆಲ್ ಇಲ್ಲಿಗೆ ಬಂದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ರಿಸ್ಟಾಲರ್ ಈಗಿನ ಘಾನಾಗೆ ಹೋದರು. ಅಲ್ಲಿ ಟ್ವಿ ಭಾಷೆ ಕಲಿತು ವ್ಯಾಕರಣ ಬರೆದರು. 3600 ಗಾದೆಗಳ ಪುಸ್ತಕ 1879ರಲ್ಲಿ, ನಿಘಂಟು 1881ರಲ್ಲಿ ತಂದರು. ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅವರಿಗಿಂತ ಮೊದಲು ಅದೇ ಶಾಲೆಯಲ್ಲಿ ಓದಿದ ಲುಡ್ವಿಗ್ ಕ್ರಾಫ್ 1844ರಲ್ಲಿ ಮೊಂಬಾಸಾ ತಲುಪಿ ಸ್ವಾಹಿಲಿಯ ವ್ಯಾಕರಣ, ನಿಘಂಟು ಎರಡನ್ನೂ ಬರೆದರು. ಇವರೆಲ್ಲ ಹೊರಟದ್ದು ಧರ್ಮ ಹೇಳಲು. ಉಳಿದದ್ದು ಪದಕೋಶಗಳು. ಕಿಟೆಲ್ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಬೆಳೆದ ನಮಗೆ ಕ್ರಿಸ್ಟಾಲರ್ ಹೆಸರು ಗೊತ್ತಿಲ್ಲದಿರುವುದು ನನಗೆ ಬೇಸರದ ವಿಷಯ.

ಕಷ್ಟವಾ ಎಂದು ಕೇಳುವವರಿಗೆ: ಸ್ವಾಹಿಲಿ ಕನ್ನಡದವರಿಗೆ ಅಷ್ಟು ಕಷ್ಟ ಅಲ್ಲ. ಬರೆದ ಹಾಗೆ ಓದುವುದು, ಪದಗಳು ಸ್ವರದಲ್ಲೇ ಮುಗಿಯುವುದು. ನಾವು ಕ್ರಿಯಾಪದದ ಹಿಂದೆ ಒಂದೊಂದೇ ಪ್ರತ್ಯಯ ಅಂಟಿಸುತ್ತೇವೆ, ಅವರು ಮುಂದೆ ಅಂಟಿಸುತ್ತಾರೆ. ಯಾರು, ಯಾವಾಗ, ಯಾರಿಗೆ, ಎಲ್ಲ ಒಂದೇ ಪದದೊಳಗೆ. ನಾಮಪದದ ವರ್ಗಗಳಿಗೆ ಮಾತ್ರ ಸಮಯ ಕೊಡಬೇಕು. ಮನುಷ್ಯರದ್ದು ಒಂದು ವರ್ಗ, ಮರಗಳದ್ದು ಇನ್ನೊಂದು, ಹೀಗೆ. ವಿಶೇಷಣ, ಸಂಖ್ಯೆ, ಕ್ರಿಯಾಪದ ಎಲ್ಲವೂ ಆ ವರ್ಗಕ್ಕೆ ತಕ್ಕಂತೆ ತಲೆ ಬದಲಾಯಿಸುತ್ತವೆ. ನಮ್ಮ ದೇಶದಲ್ಲೇ ದೆಹಲಿ ವಿಶ್ವವಿದ್ಯಾಲಯದ ಆಫ್ರಿಕ ಅಧ್ಯಯನ ವಿಭಾಗದಲ್ಲಿ ಸ್ವಾಹಿಲಿ ಕಲಿಸುತ್ತಾರೆ. ಜಾಂಜಿಬಾರಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೆಂದೇ ತರಗತಿಗಳಿವೆ. ಕಿವಿ ಪಳಗಲು ಬಿಬಿಸಿ ಸ್ವಾಹಿಲಿ ಸುದ್ದಿ ಸಾಕು. ಕೆಲಸ ಸಿಗುತ್ತಾ? ಅನುವಾದ, ವ್ಯಾಪಾರ, ಸುದ್ದಿಮನೆ, ಪಾಠ ಹೇಳುವುದು, ಇವುಗಳಲ್ಲಿ ಸಿಗುತ್ತದೆ. ಆದರೆ ಅದಕ್ಕಾಗಿ ಮಾತ್ರ ಕಲಿಯುವವರಿಗೆ ಬೇರೆ ಸುಲಭದ ದಾರಿಗಳಿವೆ.

ಓದು ಶುರು ಮಾಡುವವರಿಗೆ ನನ್ನ ಸಲಹೆ, ಮೊದಲು ಶಾಬಾನ್ ರಾಬರ್ಟ್ ಅವರ ಗದ್ಯ ಹಿಡಿಯಿರಿ. ತಾಂಜಾನಿಯಾದ ಈ ಲೇಖಕರು 1962ರಲ್ಲಿ ತೀರಿಕೊಂಡರು. ತಿಳಿಯಾದ ಭಾಷೆ. ಮ್ವಾನ ಕುಪೋನಳ ಕಾವ್ಯ ಆಮೇಲೆ. ಅದು ಉತ್ತರ ಕರಾವಳಿಯ ಹಳೆಯ ನುಡಿಯಲ್ಲಿದೆ. ಈಗಿನ ಸ್ವಾಹಿಲಿ ಕಲಿತವರಿಗೆ ಅದು, ಹೊಸಗನ್ನಡ ಮಾತ್ರ ಬಲ್ಲವರಿಗೆ ಹಳಗನ್ನಡ ಎದುರಾದ ಹಾಗೆ.

ಆ ಕಾವ್ಯವನ್ನು ನಾನು ಈಗ ನೇರವಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಸಾಂಗತ್ಯ ಆರಿಸಿಕೊಂಡಿದ್ದೇನೆ, ಅದಕ್ಕೂ ನಾಲ್ಕು ಸಾಲು, ಅದೂ ಹಾಡುವ ಮಟ್ಟು. ತೊಡಕಿರುವುದು ಪ್ರಾಸದಲ್ಲಿ. ನಮ್ಮ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಅವಳದ್ದು ಸಾಲಿನ ಕೊನೆಯಲ್ಲಿ. ಸದ್ಯಕ್ಕೆ ಎರಡನ್ನೂ ಇಟ್ಟುಕೊಂಡು ಬರೆಯುತ್ತಿದ್ದೇನೆ, ನಾಲ್ಕನೆಯ ಸಾಲು ಎಲ್ಲ ಪದ್ಯಗಳಲ್ಲೂ "ಮಗಳೆ" ಎಂದೇ ಮುಗಿಯುವ ಹಾಗೆ. ಕೆಲವು ಕಡೆ ಇದು ಹೊಂದುತ್ತಿದೆ, ಪ್ರಾರ್ಥನೆಯ ಭಾಗದಲ್ಲಿ ಹೊಂದುತ್ತಿಲ್ಲ, ಯಾಕೆಂದರೆ ಅಲ್ಲಿ ಆಕೆ ಮಗಳ ಕಡೆಗಲ್ಲ, ದೇವರ ಕಡೆಗೆ ತಿರುಗಿ ಮಾತಾಡುತ್ತಾಳೆ. ಸಾಂಗತ್ಯ ಚೆನ್ನಾಗಿ ಬಲ್ಲವರು ಯಾರಾದರೂ ಆ ಭಾಗವನ್ನು ನನ್ನ ಜೊತೆ ಕೂತು ನೋಡಿದರೆ ತುಂಬಾ ಉಪಕಾರವಾಗುತ್ತದೆ.