ವಜ್ರದ ಲೇಪನ ನಿಲ್ಲುವುದು ಯಾವುದರ ಮೇಲೆ?

ಮಲ್ಪೆ ಬಂದರಿನಲ್ಲಿ ಫೈಬರ್ ದೋಣಿಗಳಿಗೆ ಬೋಲ್ಟ್ ತೂತು ಕೊರೆಯುವವರಿಗೆ, ನೋಡಲು ಮೆತ್ತಗಿರುವ ಈ ವಸ್ತು ಡ್ರಿಲ್ ಬಿಟ್ಟನ್ನು ಎಷ್ಟು ಬೇಗ ಮೊಂಡು ಮಾಡುತ್ತದೆ ಎಂಬುದನ್ನು ಹೇಳಿಕೊಡಬೇಕಾಗಿಲ್ಲ. ಅಂಟಿನ ಭಾಗ ಮೃದುವೇ ಆದರೂ ಒಳಗಿರುವ ಗಾಜಿನ ಎಳೆಗಳು ಅರದಂತೆ ಅಂಚನ್ನು ತಿನ್ನುತ್ತವೆ. ಕಾರ್ಬನ್ ಫೈಬರ್ ಹಾಳೆಗಳಲ್ಲೂ ಇದೇ ತೊಂದರೆ. ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ಇಂಥ ಹಾಳೆಗಳನ್ನು ಕೊರೆಯುವ ನನಗೆ, ಬಿಟ್ ಸವೆಯುವುದಕ್ಕಿಂತ ಸವೆದ ಬಿಟ್ ಮಾಡುವ ಹಾನಿಯೇ ದೊಡ್ಡದೆನಿಸುತ್ತದೆ.

ಮೊಂಡಾದ ಅಂಚು ಎಳೆಗಳನ್ನು ಕತ್ತರಿಸುವ ಬದಲು ಒತ್ತಿ ಬಾಗಿಸುವುದರಿಂದ ತಳ್ಳುವ ಬಲ ಏರುತ್ತದೆ, ಬಿಟ್ ಆಚೆ ಬದಿಗೆ ಹೊರಬೀಳುವ ಹೊತ್ತಿಗೆ ಆಧಾರವಿಲ್ಲದ ಕೊನೆಯ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಗಾಜಿನ ಫೈಬರಿನಲ್ಲಿ ತೂತಿನ ಸುತ್ತ ಬಿಳಿಚಿದ ಉಂಗುರ ಕಾಣುತ್ತದೆ. ಕಪ್ಪು ಕಾರ್ಬನ್ ಹಾಳೆಯಲ್ಲಿ ಅದೂ ಕಾಣದು. ತಟ್ಟಿ ನೋಡಿಯೋ ಅಲ್ಟ್ರಾಸೌಂಡ್ ಹಿಡಿದೋ ಪತ್ತೆಮಾಡಬೇಕು. ಹಿಂಬದಿಗೆ ಮರದ ಹಲಗೆ ಬಿಗಿದರೆ ಹಾನಿ ಗಣನೀಯವಾಗಿ ತಗ್ಗುತ್ತದೆ.

ಅಂಚನ್ನು ಬಹುಕಾಲ ಹರಿತವಾಗಿಡಲೆಂದೇ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ಬಿಟ್‌ಗಳಿಗೆ ವಜ್ರದ ಲೇಪನ ಕೊಡುತ್ತಾರೆ. ಹೈಡ್ರೋಜನ್ನಿನಲ್ಲಿ ಶೇಕಡಾ 1ರ ಆಸುಪಾಸು ಮೀಥೇನ್ ಬೆರೆಸಿ, ಸುಮಾರು 2000 ಡಿಗ್ರಿ ಸೆಲ್ಸಿಯಸ್ಸಿಗೆ ಕಾದ ತಂತಿಗಳ ಹತ್ತಿರ ಹಾಯಿಸಿದಾಗ, 800 ಡಿಗ್ರಿಯ ಸುಮಾರಿನಲ್ಲಿರುವ ಬಿಟ್ಟಿನ ಮೇಲೆ ಕೆಲವು ಮೈಕ್ರಾನ್ ದಪ್ಪದ ವಜ್ರ ಗಂಟೆಗಟ್ಟಲೆ ಬೆಳೆಯುತ್ತದೆ. ತೊಡಕಿರುವುದು ಕಾರ್ಬೈಡಿನ ಕಣಗಳನ್ನು ಹಿಡಿದಿಡುವ ಕೋಬಾಲ್ಟ್ ಲೋಹದಲ್ಲಿ: ಅದು ಮೇಲ್ಮೈಯಲ್ಲಿ ಉಳಿದರೆ ಮೀಥೇನಿನ ಇಂಗಾಲವು ವಜ್ರವಾಗುವ ಬದಲು ಮೆತ್ತನೆಯ ಗ್ರಾಫೈಟ್ ಆಗುತ್ತದೆ, ಲೇಪನ ಕಚ್ಚುವುದಿಲ್ಲ. ಆದ್ದರಿಂದ ಕೋಬಾಲ್ಟ್ ಕಡಿಮೆಯಿರುವ, ಸಾಮಾನ್ಯವಾಗಿ ಶೇಕಡಾ 6ರ ಕಾರ್ಬೈಡನ್ನೇ ಆರಿಸಿ, ಮೇಲ್ಮೈಯ ಕೋಬಾಲ್ಟನ್ನು ಆಮ್ಲದಲ್ಲಿ ತೆಗೆಯುತ್ತಾರೆ. ಅತಿಯಾಗಿ ತೆಗೆದರೆ ಅಂಚೇ ಪೆಡಸಾಗುತ್ತದೆ. ತಣಿಯುವಾಗ ಕಾರ್ಬೈಡ್ ವಜ್ರಕ್ಕಿಂತ ಹೆಚ್ಚು ಕುಗ್ಗುವುದರಿಂದ ಲೇಪನದಲ್ಲಿ ಒತ್ತಡವೂ ಉಳಿಯುತ್ತದೆ. ಹಿಡಿತ ಸಾಲದಿದ್ದಲ್ಲಿ ಅದು ಸವೆಯುವ ಮೊದಲೇ ಚಕ್ಕೆಯಾಗಿ ಏಳುತ್ತದೆ. ಹೀಗಾಗಿ ಮಾರಾಟಗಾರರನ್ನು ಲೇಪನದ ದಪ್ಪಕ್ಕಿಂತ ಮೊದಲು ಕೆಳಗಿನ ಕಾರ್ಬೈಡಿನ ಬಗ್ಗೆ ಕೇಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ದಪ್ಪ ಹೆಚ್ಚಿದಷ್ಟೂ ಅಂಚು ದುಂಡಗಾಗುತ್ತದೆ ಎಂಬುದನ್ನು ಕ್ಯಾಟಲಾಗುಗಳು ದೊಡ್ಡಕ್ಷರದಲ್ಲಿ ಹೇಳುವುದಿಲ್ಲವಷ್ಟೆ.

ಇಷ್ಟು ದುಬಾರಿಯ ಬಿಟ್ಟನ್ನು ಉಕ್ಕಿಗೆ ಮಾತ್ರ ತಾಗಿಸಬಾರದು, ಬಿಸಿಯೇರಿದಾಗ ವಜ್ರದ ಇಂಗಾಲ ಕಬ್ಬಿಣಕ್ಕೆ ಸೇರಿಹೋಗುತ್ತದೆ. ಕಾರ್ಬನ್ ಹಾಳೆ ಕೊರೆಯುವಾಗ ಧೂಳನ್ನು ತೂತಿನ ಬಾಯಲ್ಲೇ ವ್ಯಾಕ್ಯೂಮಿನಿಂದ ಎಳೆದುಕೊಳ್ಳಬೇಕು: ಅದು ಶ್ವಾಸಕೋಶಕ್ಕೆ ಕೆಟ್ಟದ್ದು, ಜೊತೆಗೆ ವಿದ್ಯುತ್ ಹರಿಸುವ ಗುಣವಿರುವುದರಿಂದ ಯಂತ್ರದ ಕಂಟ್ರೋಲ್ ಪೆಟ್ಟಿಗೆಯೊಳಗೆ ಸೇರಿದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು.