ಸೋಮವಾರದ ಮೊದಲ ಹಾಲು

ವಿಕಿರಣಶೀಲ ಔಷಧ ಚುಚ್ಚಿ ದೇಹದೊಳಗಿನ ಚಿತ್ರ ತೆಗೆಯುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನೀಷಿಯಂ ಜನರೇಟರ್ ಅಂದರೆ ಹಸು, ಅದರಿಂದ ಆ ಔಷಧಕ್ಕೆ ಬೇಕಾದ ವಿಕಿರಣಶೀಲ ಐಸೊಟೋಪ್ ಇಳಿಸುವುದು ಅಂದರೆ ಹಾಲು ಕರೆಯುವುದು. ಸೀಸದ ಕವಚದೊಳಗೆ ಅಲ್ಯುಮಿನಾ ಪುಡಿ ತುಂಬಿದ ಸಣ್ಣ ಕೊಳವೆ, ಆ ಪುಡಿಗೆ ಅಂಟಿಕೊಂಡ ಮಾಲಿಬ್ಡಿನಂ-99. ಅದರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಹಿಡಿಯುವ ಸಮಯ) 66 ಗಂಟೆ. ಕ್ಷಯಿಸಿದ್ದರಲ್ಲಿ ಹೆಚ್ಚುಪಾಲು ಟೆಕ್ನೀಷಿಯಂ-99ಎಂ ಆಗುತ್ತದೆ, ಇದರ ಅರ್ಧಾಯುಷ್ಯ 6 ಗಂಟೆ. ಕರೆದ ಮೇಲೆ ಕೆಚ್ಚಲು ಪೂರ್ತಿ ತುಂಬಲು ಸುಮಾರು 23 ಗಂಟೆ ಬೇಕು. ದಿನಕ್ಕೊಂದು ಸಲ ಕರೆಯುವ ರೂಢಿ ಬಂದದ್ದು ಇದರಿಂದಲೇ.

ಕರೆಯುವಾಗ ಜನರೇಟರಿನ ಒಂದು ಸೂಜಿಗೆ 0.9% ಸಲೈನ್ ಬಾಟಲಿ, ಇನ್ನೊಂದಕ್ಕೆ ಸೀಸದ ಡಬ್ಬಿಯಲ್ಲಿಟ್ಟ ನಿರ್ವಾತ ವಯಲ್ (ಗಾಳಿ ತೆಗೆದ ಪುಟ್ಟ ಬಾಟಲಿ). ವಯಲ್ ತಾನೇ ಸಲೈನನ್ನು ಎಳೆದುಕೊಳ್ಳುತ್ತದೆ. ಇಲ್ಲಿ ಅವಸರ ಬೇಡ. ಸಲೈನ್ ಮುಗಿದ ಮೇಲೂ ಗಾಳಿ ಹಾದು ಕೊಳವೆ ಒಣಗಬೇಕು. ಒಳಗೆ ನೀರು ಉಳಿದರೆ ವಿಕಿರಣ ಅದನ್ನು ಒಡೆಯುತ್ತದೆ, ಟೆಕ್ನೀಷಿಯಂ ಅಪಕರ್ಷಣಗೊಂಡು ಕೊಳವೆಯಲ್ಲೇ ಕೂರುತ್ತದೆ, ಮರುದಿನ ಇಳುವರಿ ಕುಸಿಯುತ್ತದೆ.

ಕರೆದ ಕೂಡಲೇ ಮಾಲಿಬ್ಡಿನಂ ಸೋರಿದೆಯೇ ನೋಡಬೇಕು. ಮಿತಿ 1 ಮಿಲಿಕ್ಯೂರಿ ಟೆಕ್ನೀಷಿಯಂಗೆ 0.15 ಮೈಕ್ರೋಕ್ಯೂರಿ ಮಾಲಿಬ್ಡಿನಂ (ಕ್ಯೂರಿ ವಿಕಿರಣ ಚಟುವಟಿಕೆಯ ಅಳತೆ), ಅದೂ ರೋಗಿಗೆ ಚುಚ್ಚುವ ಹೊತ್ತಿನಲ್ಲಿ. ಬೆಳಗ್ಗೆ 0.1 ಬಂತೆಂದು ಸಮಾಧಾನಪಟ್ಟರೆ 6 ಗಂಟೆಯಲ್ಲಿ ಟೆಕ್ನೀಷಿಯಂ ಅರ್ಧವಾಗಿ ಅದೇ ಅಂಕಿ 0.19ಕ್ಕೆ ಏರಿರುತ್ತದೆ.

ಇಷ್ಟೆಲ್ಲ ಪಾಸಾದರೂ ಕೆಡಬಹುದಾದದ್ದು ಸೋಮವಾರದ ಹಾಲು. ಟೆಕ್ನೀಷಿಯಂ-99ಎಂ ಗಾಮಾ ಕಿರಣ ಬಿಟ್ಟು ಟೆಕ್ನೀಷಿಯಂ-99 ಆಗುತ್ತದೆ. ಅದು ಲಕ್ಷಾಂತರ ವರ್ಷ ಉಳಿಯುತ್ತದೆ, ಚಿತ್ರಕ್ಕೆ ಮಾತ್ರ ಕೆಲಸಕ್ಕೆ ಬಾರದು. 24 ಗಂಟೆ ಬಿಟ್ಟು ಕರೆದಾಗ ಟೆಕ್ನೀಷಿಯಂ ಪರಮಾಣುಗಳಲ್ಲಿ ಶೇ 28ರಷ್ಟು ನಮಗೆ ಬೇಕಾದವು. ಶುಕ್ರವಾರದಿಂದ 72 ಗಂಟೆ ಬಿಟ್ಟರೆ ಶೇ 8 ಮಾತ್ರ. ಡೋಸ್ ಅಳೆಯುವ ಯಂತ್ರವಾದ ಡೋಸ್ ಕ್ಯಾಲಿಬ್ರೇಟರ್‌ಗೆ ಇದು ಕಾಣುವುದೇ ಇಲ್ಲ, ಅದು ಎಣಿಸುವುದು ಪರಮಾಣುಗಳನ್ನಲ್ಲ, ವಿಕಿರಣ ಚಟುವಟಿಕೆಯನ್ನು. ಆದರೆ ಎರಡರ ರಸಾಯನ ಗುಣವೂ ಒಂದೇ ಆದ್ದರಿಂದ ಕಿಟ್‌ನಲ್ಲಿ (ಹಾಲು ಬೆರೆಸುವ ಔಷಧದ ವಯಲ್) ಟೆಕ್ನೀಷಿಯಂ ಔಷಧಕ್ಕೆ ಅಂಟಲೆಂದು ಇರುವ ಚೂರು ತವರದ ಲವಣವನ್ನು ಹೆಚ್ಚುಪಾಲು ಕೆಲಸಕ್ಕೆ ಬಾರದ ಪರಮಾಣುಗಳೇ ಖಾಲಿ ಮಾಡುತ್ತವೆ. ಉಳಿದ ಪರ್ಟೆಕ್ನಿಟೇಟ್ (ಕರೆದ ರೂಪದಲ್ಲೇ ಇರುವ ಟೆಕ್ನೀಷಿಯಂ) ಔಷಧಕ್ಕೆ ಅಂಟದೆ ಥೈರಾಯ್ಡ್, ಹೊಟ್ಟೆಗಳಲ್ಲಿ ಹೊಳೆಯುತ್ತದೆ. (ವಯಲ್‌ಗೆ ಸಿರಿಂಜಿನಿಂದ ಗಾಳಿ ತಳ್ಳಿದರೂ ತವರ ಉತ್ಕರ್ಷಣಗೊಂಡು ಇದೇ ಗತಿ.) ತವರ ತೀರಾ ಕಡಿಮೆಯಿರುವ, ಮೆದುಳಿನ ಸ್ಕ್ಯಾನಿನ ಎಚ್‌ಎಂಪಿಎಒ ಕಿಟ್‌ಗೆ ಹೊಡೆತ ಹೆಚ್ಚು, ಅದಕ್ಕೆ ಕರೆದು 2 ಗಂಟೆ ಮೀರದ ಹಾಲೇ ಬೇಕು, ಹಿಂದಿನ ಕರೆತವೂ 24 ಗಂಟೆಯೊಳಗೆ ಆಗಿರಬೇಕು.

ಹಾಗಾಗಿ ಸೋಮವಾರ ಬೇಗ ಬಂದು ಒಮ್ಮೆ ಕರೆದುಬಿಡಿ. 6 ಗಂಟೆಯಲ್ಲಿ ಕೆಚ್ಚಲು ಸುಮಾರು ಅರ್ಧ ತುಂಬುತ್ತದೆ, ಮೆದುಳಿನ ಸ್ಕ್ಯಾನಿಗೆ ಆ ಎರಡನೆಯ ಹಾಲು ಬಳಸಿ. ಮೊದಲನೆಯದನ್ನು ಚೆಲ್ಲಬೇಕಿಲ್ಲ. ಥೈರಾಯ್ಡ್ ಸ್ಕ್ಯಾನಿಗೆ ಪರ್ಟೆಕ್ನಿಟೇಟ್ ಹಾಗೇ ಸಾಕು, ತವರದ ಹಂಗಿಲ್ಲ.