ನಿಂತುಹೋದ ಬ್ಯಾಂಡಿನ ಹೊಸ ಆಲ್ಬಂಗಾಗಿ ಕಾಯುವುದೇಕೆ?

ನಾನು ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ಬ್ಯಾಂಡಿನ ಅಭಿಮಾನಿ ಎಂದು ತಿಳಿದವರು, ತುಮಕೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವವರಿರಲಿ, ಹಬ್ಬಕ್ಕೆ ಮನೆಗೆ ಬರುವ ನೆಂಟರಿರಲಿ, ಮಾತು ಮುಂದುವರಿದಂತೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. "ಆ ಬ್ಯಾಂಡು ನಿಂತುಹೋಗಿ ಮೂವತ್ತು ವರ್ಷವಾಯಿತಂತೆ, ಅದರ ಮುಖ್ಯ ಗಾಯಕರು ಆಗಲೇ ತೀರಿಕೊಂಡರಂತೆ, ಹಾಡುಗಳೆಲ್ಲ ನಿಮಗೆ ಬಾಯಿಪಾಠವಾಗಿವೆ, ಹೀಗಿರುವಾಗ ಅವರ ಯಾವುದೋ ಹಳೆಯ ಕಚೇರಿಯ ಧ್ವನಿಮುದ್ರಣ ಬರುತ್ತದೆಂದು ಮೂರು ಮೂರು ತಿಂಗಳಿಗೊಮ್ಮೆ ಕಾದು ಕೂರುವುದೇಕೆ?" ಪ್ರಶ್ನೆ ನ್ಯಾಯವಾದದ್ದೇ. ನಿಂತ ನಿಲುವಿನಲ್ಲಿ ಕೊಡುವ ಉತ್ತರ ಅದಕ್ಕೆ ಸಾಲುವುದಿಲ್ಲವಾದ್ದರಿಂದ ಇಲ್ಲಿ ಒಮ್ಮೆ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಈ ತಂಡ 1965ರಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ವಾರ್ಲಾಕ್ಸ್ ಎಂಬ ಹೆಸರಿನಿಂದ ಹುಟ್ಟಿ, ಅದೇ ವರ್ಷದ ಕೊನೆಗೆ ಗ್ರೇಟ್‌ಫುಲ್ ಡೆಡ್ ಆಯಿತು. ಮೂವತ್ತು ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಚೇರಿಗಳನ್ನು ನಡೆಸಿ, 1995ರ ಜುಲೈ 9ರಂದು ಷಿಕಾಗೊದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಕೊನೆಯ ಬಾರಿ ವೇದಿಕೆ ಏರಿತು. ಅದಾದ ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ಗಿಟಾರ್ ವಾದಕರೂ ಗಾಯಕರೂ ಆಗಿದ್ದ ಜೆರ್ರಿ ಗಾರ್ಸಿಯಾ ತೀರಿಕೊಂಡರು. ಸ್ಟುಡಿಯೊದಲ್ಲಿ ಈ ತಂಡ ಮಾಡಿದ ಆಲ್ಬಂಗಳು ಕಡಿಮೆ, ಅವುಗಳಲ್ಲಿ ತಂಡದ ನಿಜವಾದ ಶಕ್ತಿ ಕಾಣುವುದು ಇನ್ನೂ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಇವತ್ತು ಯಾವ ಹಾಡು, ಯಾವುದರ ನಂತರ ಯಾವುದು ಎಂಬುದನ್ನು ಅವರು ದಿನವೂ ಬದಲಿಸುತ್ತಿದ್ದರು. ಒಂದು ಹಾಡಿನ ಮಧ್ಯದಿಂದ ಹೊರಟು, ನಿಲ್ಲಿಸದೆ, ಮನೋಧರ್ಮವನ್ನೇ ನಂಬಿ ಬಹಳ ದೂರ ಅಲೆದು, ಬೇರೆಯೇ ಹಾಡಿನ ಬಾಗಿಲಿಗೆ ಬಂದು ಸೇರುತ್ತಿದ್ದರು. 'ಡಾರ್ಕ್ ಸ್ಟಾರ್' ಎಂಬ ಅವರ ಹಾಡು 1968ರಲ್ಲಿ ಸ್ಟುಡಿಯೊದಿಂದ ಬಂದಾಗ ಮೂರು ನಿಮಿಷಕ್ಕಿಂತ ಚಿಕ್ಕದು. ಮರುವರ್ಷದ 'ಲೈವ್/ಡೆಡ್' ಆಲ್ಬಂನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ಹಿಡಿದ ಅದೇ ಹಾಡು ಇಪ್ಪತ್ತಮೂರು ನಿಮಿಷಗಳದ್ದು. ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ಕೇಳಿದವರು "ಅದೇ ಹಾಡು ತಾನೇ" ಎಂದು ಮತ್ತೆ ಕೇಳಲಾರರು.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸುವುದು ಕಷ್ಟವೆಂದು ನನಗೆ ಅನ್ನಿಸುವುದಿಲ್ಲ. ಗುಬ್ಬಿ, ತುರುವೇಕೆರೆ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಜಾತ್ರೆಯ ಕಾಲಕ್ಕೆ ಸೀನರಿ ಕಟ್ಟಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಕರ್ಣ ಕೊನೆಗೆ ಏನಾಗುತ್ತಾನೆಂದು ತಿಳಿಯಲು ಅಲ್ಲಿ ಯಾರೂ ಹೋಗುವುದಿಲ್ಲ. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತ ಅಜ್ಜನಿಗೆ ಎಲ್ಲರ ಮಾತೂ ಹಾಡೂ ಕಂಠಪಾಠ. ಅವನು ಕಾಯುವುದು, ಇವತ್ತಿನ ಕೃಷ್ಣ ಸಂಧಾನದ ದೃಶ್ಯದಲ್ಲಿ ಆಲಾಪವನ್ನು ಎಲ್ಲಿಂದ ಎತ್ತಿಕೊಳ್ಳುತ್ತಾನೆ, ಹಾರ್ಮೋನಿಯಂ ಮಾಸ್ಟರು ಅವನನ್ನು ಎಷ್ಟು ದೂರ ಹೋಗಲು ಬಿಡುತ್ತಾರೆ, "ಒನ್ಸ್ ಮೋರ್" ಎಂದಾಗ ಎರಡನೆಯ ಸಲ ಏನನ್ನು ಬೇರೆ ಮಾಡುತ್ತಾನೆ ಎಂಬುದಕ್ಕೆ. ಬೆಳಗ್ಗೆ ಬಸ್ಸಿನಲ್ಲಿ ಜನ ಮಾತನಾಡುವುದೂ ಹಿಂದಿನ ವರ್ಷದ ಕೃಷ್ಣನನ್ನೂ ಈ ವರ್ಷದ ಕೃಷ್ಣನನ್ನೂ ಹೋಲಿಸಿಯೇ. ಆ ಅಜ್ಜನಿಗೆ ನನ್ನ ಕಾಯುವಿಕೆ ವಿಚಿತ್ರವೆನಿಸದು. ಅವನು ಮೆಚ್ಚಿದ ಒಬ್ಬ ಕೃಷ್ಣನ ಮೂವತ್ತು ವರ್ಷಗಳ ರಾತ್ರಿಗಳೆಲ್ಲ ಎಲ್ಲೋ ಒಂದು ಕೋಣೆಯಲ್ಲಿ ಟೇಪಿನಲ್ಲಿವೆ, ವರ್ಷಕ್ಕೆ ನಾಲ್ಕನ್ನು ಹೊರಗೆ ತರುತ್ತಾರೆ ಎಂದರೆ ಅವನೂ ಕಾಯುತ್ತಾನೆ.

ಆ ಟೇಪುಗಳು ಉಳಿದಿರುವುದೇ ಒಂದು ಭಾಗ್ಯ. ಆರಂಭದ ದಿನಗಳಲ್ಲಿ ತಂಡದ ಧ್ವನಿವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಔಸ್ಲಿ ಸ್ಟ್ಯಾನ್ಲಿ, ತಮ್ಮ ಕೆಲಸ ಹೇಗಾಯಿತೆಂದು ಆಮೇಲೆ ಕೇಳಿ ತಿದ್ದಿಕೊಳ್ಳಲು ಕಚೇರಿಗಳನ್ನು ಮಿಕ್ಸರ್‌ನಿಂದಲೇ ನೇರವಾಗಿ ಟೇಪಿಗೆ ಇಳಿಸುತ್ತಿದ್ದರು. ಮಾರಾಟದ ಯೋಚನೆಯಿಲ್ಲದೆ ಶುರುವಾದ ಈ ಅಭ್ಯಾಸವನ್ನು ಅವರ ನಂತರದವರೂ ಬಿಡಲಿಲ್ಲ. ಇವರಲ್ಲಿ ಬೆಟ್ಟಿ ಕ್ಯಾಂಟರ್-ಜ್ಯಾಕ್ಸನ್ ಅವರ ಹೆಸರನ್ನು ಅಭಿಮಾನಿಗಳು ವಾದಕರ ಹೆಸರಿನಷ್ಟೇ ಗೌರವದಿಂದ ಹೇಳುತ್ತಾರೆ, ಏಕೆಂದರೆ ಎಪ್ಪತ್ತರ ದಶಕದಲ್ಲಿ ಅವರು ಹಿಡಿದ ಟೇಪುಗಳಲ್ಲಿ ಪ್ರತಿ ವಾದ್ಯವೂ ತನ್ನ ಜಾಗದಲ್ಲಿ ನಿಂತು ಕೇಳಿಸುತ್ತದೆ. ಇನ್ನೊಂದು ಕಡೆ ಪ್ರೇಕ್ಷಕರೇ ಮೈಕು ಹಿಡಿದು ಧ್ವನಿಮುದ್ರಿಸುತ್ತಿದ್ದರು. ತಂಡ ಅವರನ್ನು ಹೊರಗಟ್ಟಲಿಲ್ಲ. 1984ರ ಅಕ್ಟೋಬರ್‌ನಲ್ಲಿ, ಬರ್ಕ್ಲಿಯ ಕಚೇರಿಗಳಿಂದ ಶುರುಮಾಡಿ, ಅವರಿಗಾಗಿಯೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನು ಕೊಟ್ಟಿತು. ಹಣಕ್ಕೆ ಮಾರಬಾರದು, ವಿನಿಮಯ ಮಾತ್ರ ಮಾಡಿಕೊಳ್ಳಬೇಕು ಎಂಬುದು ಅಲ್ಲಿಯ ನಿಯಮವಾಗಿತ್ತು. ಖಾಲಿ ಕ್ಯಾಸೆಟ್ಟನ್ನೂ ಅಂಚೆವೆಚ್ಚವನ್ನೂ ಕಳಿಸಿದರೆ ಮುಖ ಕಾಣದವರೂ ನಕಲು ಮಾಡಿ ಕಳಿಸುತ್ತಿದ್ದರು. ಕೇಳುಗರನ್ನು ಇಷ್ಟು ನಂಬಿದ ಬೇರೆ ತಂಡ ನನಗೆ ಗೊತ್ತಿಲ್ಲ, ಮತ್ತು ನನ್ನ ಪ್ರೀತಿಯ ಒಂದು ಬೇರು ಇಲ್ಲಿದೆ.

ಇದನ್ನು ಕೇಳಿದ ಮೇಲೆ ಸಹಜವಾಗಿಯೇ ಎರಡನೆಯ ಪ್ರಶ್ನೆ ಬರುತ್ತದೆ. ಅಷ್ಟೊಂದು ಕಚೇರಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಕೇಳಲು ಸಿಗುವಾಗ ಅಧಿಕೃತ ಬಿಡುಗಡೆಗೆ ಏಕೆ ಕಾಯಬೇಕು? ಇದಕ್ಕೆ 1977ರ ಮೇ 8ರ ಕಚೇರಿಯ ಕಥೆಯೇ ಉತ್ತರ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಈ ಕಚೇರಿಯನ್ನು ಬೆಟ್ಟಿ ಅವರೇ ಧ್ವನಿಮುದ್ರಿಸಿದ್ದರು. ಅವರ ಟೇಪುಗಳಿದ್ದ ಬಾಡಿಗೆ ಕೋಣೆಗಳ ಬಾಕಿ ತೀರದೆ, 1986ರಲ್ಲಿ ಅಲ್ಲಿದ್ದದ್ದೆಲ್ಲ ಹರಾಜಾಯಿತು. ಕೊಂಡವರ ಕೈಯಿಂದ ಹೊರಟ ನಕಲುಗಳು ಊರೂರು ಸುತ್ತಿ, ಈ ರಾತ್ರಿಯ ಸಂಗೀತ ಅಭಿಮಾನಿಗಳ ಬಾಯಲ್ಲಿ ದಂತಕಥೆಯಾಯಿತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯ 2011ರ ಸಾಲಿಗೆ ಇದನ್ನು ಸೇರಿಸಿಕೊಂಡಿತು. ಆಗಿನ್ನೂ ಅದು ಅಂಗಡಿಯಲ್ಲಿ ದೊರೆಯುವ ಆಲ್ಬಂ ಆಗಿರಲೇ ಇಲ್ಲ, ಕೈಯಿಂದ ಕೈಗೆ ದಾಟಿದ ಟೇಪು ಮಾತ್ರ. ಕೊನೆಗೆ ಮೂಲ ಟೇಪುಗಳು ತಂಡದ ಭಂಡಾರಕ್ಕೆ ಹಿಂದಿರುಗಿ, ಕಚೇರಿ ನಡೆದು ನಲವತ್ತು ವರ್ಷ ತುಂಬಿದ 2017ರ ಮೇ ತಿಂಗಳಲ್ಲಿ ಅದು ಅಧಿಕೃತವಾಗಿ ಹೊರಬಂತು. ನಕಲಿನ ನಕಲನ್ನೇ ವರ್ಷಗಟ್ಟಲೆ ಕೇಳಿದ್ದ ನನಗೆ ಅಂದು ಫಿಲ್ ಲೆಶ್ ಅವರ ಬೇಸ್ ಗಿಟಾರಿನ ಕೆಳಸ್ವರಗಳು ಮೊದಲ ಬಾರಿಗೆ ಬಿಡಿಬಿಡಿಯಾಗಿ ಕೇಳಿಸಿದವು. ಅವರು ಹಾಡಿಗೆ ಆಧಾರವಾಗಿ ನಿಲ್ಲುವುದರ ಜೊತೆಗೆ ಗಾರ್ಸಿಯಾ ಅವರ ಪ್ರತಿ ಮಾತಿಗೂ ಮರುಮಾತು ಕೊಡುತ್ತಿದ್ದರೆಂಬುದು ನನಗೆ ಆಗಲೇ ಅರ್ಥವಾದದ್ದು.

ತಡವಾಗುವುದಕ್ಕೂ ಕಾರಣಗಳಿವೆ. ಎಪ್ಪತ್ತು-ಎಂಬತ್ತರ ದಶಕದ ಅನೇಕ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವವನ್ನು ಹೀರಿಕೊಂಡು ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಪುಡಿ ಕಿತ್ತುಬಂದು ಸಂಗೀತವೇ ಉದುರಿಹೋಗುತ್ತದೆ. ಅಂಥ ಟೇಪನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ತೇವ ತೆಗೆದು, ಮತ್ತೆ ಜಿಗುಟಾಗುವುದರೊಳಗೆ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಅಂದು ಯಂತ್ರ ಒಂದೇ ವೇಗದಲ್ಲಿ ಓಡಿರುವುದಿಲ್ಲ ಎಂಬುದು ಇನ್ನೊಂದು ತೊಡಕು. ವೇಗ ಕೂದಲೆಳೆಯಷ್ಟು ಏರಿಳಿದರೂ ಶ್ರುತಿ ಅಲುಗುತ್ತದೆ. ಇದಕ್ಕೆ ಪ್ಲ್ಯಾಂಜೆಂಟ್ ಪ್ರೊಸೆಸಸ್ ಎಂಬ ಸಂಸ್ಥೆ ಕಂಡುಕೊಂಡ ದಾರಿ ನನಗೆ ಎಂದಿಗೂ ಬೆರಗು ಹುಟ್ಟಿಸುತ್ತದೆ. ಟೇಪಿಗೆ ಧ್ವನಿ ಇಳಿಸುವಾಗ ಯಂತ್ರವು ಕಿವಿಗೆ ಕೇಳಿಸದಷ್ಟು ಎತ್ತರದ ಒಂದು ಸ್ಥಿರವಾದ ಸಂಕೇತವನ್ನೂ ಸಂಗೀತದೊಡನೆ ಬೆರೆಸಿರುತ್ತದೆ. ಅದರ ಉಳಿದ ಗುರುತನ್ನು ಇಂದು ಓದಿ, ಆ ಸಂಕೇತ ಎಲ್ಲೆಲ್ಲಿ ಅಲುಗಿದೆಯೋ ಅಲ್ಲಲ್ಲಿ ಸಂಗೀತವನ್ನೂ ಅಷ್ಟೇ ಸರಿಪಡಿಸುತ್ತಾರೆ. ಕಾರ್ನೆಲ್ ಟೇಪುಗಳಿಗೂ ಈ ಚಿಕಿತ್ಸೆಯಾಗಿತ್ತು.

ಇನ್ನು ಆಯ್ಕೆಯ ವಿಷಯ. 1993ರಲ್ಲಿ 'ಡಿಕ್ಸ್ ಪಿಕ್ಸ್' ಸರಣಿ ಆರಂಭವಾದಾಗ ಅದಕ್ಕೆ ಹೆಸರು ಕೊಟ್ಟ ಡಿಕ್ ಲಾಟ್ವಾಲಾ ತಂಡದ ಟೇಪು ಭಂಡಾರವನ್ನು ಕಾಯುತ್ತಿದ್ದವರು, ಅದಕ್ಕೂ ಮೊದಲು ನಮ್ಮ ಹಾಗೆಯೇ ಟೇಪು ಕೂಡಿಡುತ್ತಿದ್ದ ಅಭಿಮಾನಿ. 1999ರಲ್ಲಿ ಅವರು ತೀರಿಕೊಂಡ ಮೇಲೆ ಕೆನಡಾದ ಡೇವಿಡ್ ಲೆಮಿಯೂ ಆ ಹೊಣೆ ಹೊತ್ತರು. ಡಿಕ್ ಅವರ ಹೆಸರಿನ ಸರಣಿ 2005ರವರೆಗೆ ನಡೆದು 36 ಸಂಪುಟಗಳಿಗೆ ನಿಂತಿತು. ನಂತರ ಬಂದ 'ರೋಡ್ ಟ್ರಿಪ್ಸ್' ಸರಣಿಯ ಮೊದಲ ಸಂಪುಟಗಳಲ್ಲಿ ಒಂದು ಪ್ರವಾಸದ ಹಲವು ಕಚೇರಿಗಳಿಂದ ಚೆನ್ನಾದ ಭಾಗಗಳನ್ನು ಆರಿಸಿ ಜೋಡಿಸಿದ್ದರು. ಅಭಿಮಾನಿಗಳಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ, ನಾನೂ ಒಪ್ಪುವುದಿಲ್ಲ. ಮೊದಲ ಅರ್ಧದಲ್ಲಿ ತಂಡ ಎಡವಿದ್ದು, ಶ್ರುತಿ ಮಾಡಿಕೊಳ್ಳುತ್ತ ಕಳೆದ ನಿಮಿಷಗಳು, ಮರೆತ ಸಾಲು, ಇವೆಲ್ಲ ಇದ್ದರೇ ಎರಡನೆಯ ಅರ್ಧದಲ್ಲಿ ಅವರು ಏರಿದ ಎತ್ತರ ಎತ್ತರವಾಗಿ ಕಾಣುವುದು. ಏರಿದ ಮೆಟ್ಟಿಲನ್ನು ತೆಗೆದುಹಾಕಿ ತುದಿಯನ್ನು ಮಾತ್ರ ಕೈಗಿತ್ತರೆ ಆ ರಾತ್ರಿ ನಮಗೆ ಸಿಕ್ಕಂತಾಗುವುದಿಲ್ಲ. ಮುಂದಿನ ಸಂಪುಟಗಳು ಬಹುಪಾಲು ಪೂರ್ತಿ ಕಚೇರಿಗಳತ್ತ ತಿರುಗಿದವು. 2012ರಿಂದ ಲೆಮಿಯೂ ಅವರ ಹೆಸರಿನಲ್ಲೇ ಬರುತ್ತಿರುವ 'ಡೇವ್ಸ್ ಪಿಕ್ಸ್' ವರ್ಷಕ್ಕೆ ನಾಲ್ಕು ಸಂಪುಟಗಳ ಸರಣಿ. 1977ರ ಮೇ 25ರಂದು ರಿಚ್ಮಂಡ್ ನಗರದಲ್ಲಿ ನಡೆದ ಕಚೇರಿ ಅದರ ಮೊದಲನೆಯದು.

ಹೊಸ ಸಂಪುಟದ ಘೋಷಣೆ ಹತ್ತಿರವಾದಾಗ ನಮ್ಮಲ್ಲಿ ನಡೆಯುವ ಊಹಾಪೋಹವೂ ಸಂಗೀತಾಭ್ಯಾಸದ ಒಂದು ಭಾಗವೇ ಎಂದು ನಾನು ತಿಳಿದಿದ್ದೇನೆ. ಕಳೆದ ಸಂಪುಟ ಎಪ್ಪತ್ತರ ದಶಕದ್ದಾದರೆ ಈ ಸಲ ಎಂಬತ್ತರ ದಶಕದ್ದಿರಬಹುದೇ, ಕೀಬೋರ್ಡಿನಲ್ಲಿ ಕೀತ್ ಗಾಡ್‌ಶೋ ಇದ್ದಾರೆಯೇ ಬ್ರೆಂಟ್ ಮಿಡ್‌ಲ್ಯಾಂಡ್ ಇದ್ದಾರೆಯೇ, 1971ರಲ್ಲಿ ಮಿಕಿ ಹಾರ್ಟ್ ಬಿಟ್ಟುಹೋಗಿ ಬಿಲ್ ಕ್ರಾಯ್ಟ್ಸ್‌ಮನ್ ಒಬ್ಬರೇ ಡ್ರಮ್ ನುಡಿಸಿದ ವರ್ಷಗಳ ಹಗುರವಾದ ನಡೆ ಮತ್ತೊಮ್ಮೆ ದೊರೆಯಬಹುದೇ ಎಂದು ತುಮಕೂರು, ಬೆಂಗಳೂರುಗಳಲ್ಲಿರುವ ನಾವು ಕೆಲವರು ಸಂಜೆಗಳನ್ನೇ ಕಳೆಯುತ್ತೇವೆ. ಹೀಗೆ ಊಹಿಸಲು ಹಳೆಯದನ್ನು ಮತ್ತೆ ತೆಗೆದು ಕೇಳಬೇಕಾಗುತ್ತದೆ, ಕೇಳುವಾಗ ಹಿಂದೆ ಗಮನಿಸದ್ದು ಸಿಗುತ್ತದೆ. 1971ರಲ್ಲಿ ಲಯ ಎಷ್ಟು ಬದಲಾಯಿತೆಂದು ನನಗೆ ಪುಸ್ತಕ ಹೇಳಿಕೊಟ್ಟದ್ದಲ್ಲ, ಬರದೇ ಹೋದ ಒಂದು ಸಂಪುಟಕ್ಕಾಗಿ ಮಾಡಿದ ವಾದ ಹೇಳಿಕೊಟ್ಟದ್ದು.

ಒಂದು ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. 'ಡೇವ್ಸ್ ಪಿಕ್ಸ್' ಸಿ.ಡಿ.ಗಳು ಸಂಖ್ಯೆ ಹಾಕಿದ ಸೀಮಿತ ಪ್ರತಿಗಳಾಗಿ ಬರುತ್ತವೆ. ಮೊದಲ ಸಂಪುಟ 12,000 ಪ್ರತಿಗಳಷ್ಟೇ. ತೀರಿದ ಮೇಲೆ ಕೈಬದಲಾಗುವ ಬೆಲೆ ಏರುತ್ತದೆ, ಸಮುದ್ರದಾಚೆಯಿಂದ ತರಿಸುವ ನಮ್ಮಂಥವರಿಗೆ ಅಂಚೆವೆಚ್ಚವೂ ಅದರ ಮೇಲೆ ಬೀಳುತ್ತದೆ. 2011ರಲ್ಲಿ ಯುರೋಪ್ ಪ್ರವಾಸದ 22 ಕಚೇರಿಗಳನ್ನೂ 73 ಸಿ.ಡಿ.ಗಳಲ್ಲಿ ಒಟ್ಟಿಗೆ ತಂದ ಪೆಟ್ಟಿಗೆಯಂಥದ್ದು ಸೀಮಿತವಾಗಿರುವುದು ಅರ್ಥವಾಗುತ್ತದೆ; ಆದರೆ ಖಾಲಿ ಕ್ಯಾಸೆಟ್ ಕಳಿಸಿದವರಿಗೆಲ್ಲ ಹಾಡು ಮುಟ್ಟುತ್ತಿದ್ದ ಪರಂಪರೆಯಲ್ಲಿ ಒಂದೊಂದು ಕಚೇರಿಯನ್ನೂ ಹೀಗೆ ಎಣಿಸಿ ಕೊಡುವುದು ಸರಿಯಲ್ಲ.

ಫಿಲ್ ಲೆಶ್ 2024ರ ಅಕ್ಟೋಬರ್ 25ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದರ ನಂತರ ಬಂದ ಸಂಪುಟಗಳಲ್ಲಿ ನಾನು ಮೊದಲು ಹುಡುಕುವುದು ಅವರ ಬೇಸ್ ಗಿಟಾರನ್ನೇ. ಅವರು ಇನ್ನು ಹೊಸದಾಗಿ ಏನನ್ನೂ ನುಡಿಸಲಾರರು, ಆದರೆ ಅವರು ನುಡಿಸಿದ್ದರಲ್ಲಿ ನಾವು ಕೇಳದಿರುವುದು ಬಹಳವಿದೆ. ನಾನು ಕಾಯುವುದು ಅದಕ್ಕಾಗಿ.

ಇಷ್ಟು ಓದಿದವರಲ್ಲಿ ಕೆಲವರು ಎಲ್ಲಿಂದ ಶುರುಮಾಡಬೇಕೆಂದೂ ಕೇಳುತ್ತಾರೆ. ಆರೆಗಾನ್ ರಾಜ್ಯದ ವೆನೆಟಾದಲ್ಲಿ 1972ರ ಆಗಸ್ಟ್ 27ರಂದು ನಡೆದ ಕಚೇರಿಯಿಂದ ಶುರುಮಾಡಿ ಎನ್ನುತ್ತೇನೆ. ಕಷ್ಟದಲ್ಲಿದ್ದ ಸ್ಪ್ರಿಂಗ್‌ಫೀಲ್ಡ್ ಎಂಬ ಹಾಲಿನ ಡೈರಿಯ ನೆರವಿಗೆಂದು ಬಯಲಿನಲ್ಲಿ ನಡೆದ ಆ ಕಚೇರಿಗೆ, ಡೈರಿಯ ಮೊಸರಿನ ಲೇಬಲ್ಲುಗಳ ಮೇಲೆಯೇ ಟಿಕೆಟ್ ಮುದ್ರಿಸಿದ್ದರು. ಬಿಸಿಲು ಎಷ್ಟಿತ್ತೆಂದರೆ ಗಿಟಾರುಗಳು ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. 2013ರಲ್ಲಿ 'ಸನ್‌ಶೈನ್ ಡೇಡ್ರೀಮ್' ಎಂಬ ಹೆಸರಿನಿಂದ ಅದು ಬಿಡುಗಡೆಯಾಯಿತು. ಅದರಲ್ಲಿ 'ಡಾರ್ಕ್ ಸ್ಟಾರ್' ಅರ್ಧ ಗಂಟೆಯಷ್ಟಿದೆ. ಮೊದಲು 1968ರ ಮೂರು ನಿಮಿಷದ್ದನ್ನು, ಆಮೇಲೆ 'ಲೈವ್/ಡೆಡ್' ಆಲ್ಬಂನದನ್ನು, ಕೊನೆಗೆ ಇದನ್ನು ಕೇಳಿ. ಮೂರನ್ನೂ ಒಂದೇ ದಿನ ಕೇಳುವ ಅಗತ್ಯವಿಲ್ಲ, ಆದರೆ ಇದೇ ಕ್ರಮದಲ್ಲಿ ಕೇಳಿ.